ಹಸು ಒದೆಯುತ್ತಿದ್ದರೆ ಮೊದಲು ಯಂತ್ರ ನೋಡಿ

ಹಾಲು ಕರೆಯುವ ಯಂತ್ರದ ಮೋಟಾರ್ ನಿಂತರೆ ರೈತರು ಐದೇ ನಿಮಿಷದಲ್ಲಿ ನನಗೆ ಫೋನ್ ಮಾಡುತ್ತಾರೆ. ಮೊಲೆತೊಟ್ಟನ್ನು ಒಮ್ಮೆ ಎಳೆದು ಒಮ್ಮೆ ಅದುಮುವ ತಾಳ ಕೊಡುವ ಭಾಗವಾದ ಪಲ್ಸೇಟರ್ ಕೆಟ್ಟರೆ ತಿಂಗಳಾದರೂ ಯಾರಿಗೂ ತಿಳಿಯುವುದಿಲ್ಲ. ಕ್ಯಾನಿಗೆ ಹಾಲು ಬೀಳುತ್ತಲೇ ಇರುತ್ತದೆ. ಹಸು ಕಾಲೆತ್ತತೊಡಗಿದರೆ ಅದರ ಸ್ವಭಾವವನ್ನೇ ದೂರುತ್ತಾರೆ.

ಚಿಂತಾಮಣಿ ಕಡೆಯ ಒಂದು ಕೊಟ್ಟಿಗೆಯಲ್ಲಿ ಹೀಗೇ ಆಗಿತ್ತು. ಹತ್ತು ಹಸುಗಳಿಗೆ ಒಂದೇ ಯಂತ್ರ. ಮೂರಕ್ಕೆ ಕೆಚ್ಚಲು ಬಾವು, ವಾಸಿಯಾದಂತೆ ಆಗಿ ಮತ್ತೆ ಬರುತ್ತಿತ್ತು. "ಇದು ಮೊದಲು ಒದೆಯುತ್ತಲೇ ಇರಲಿಲ್ಲ ಸಾರ್" ಎಂದರು ಮನೆಯಾಕೆ.

ನಿರ್ವಾತ ಮಾಪಕದ ಮುಳ್ಳು 45 ಕಿಲೋಪ್ಯಾಸ್ಕಲ್‌ನಲ್ಲಿತ್ತು, ಅದು ಸರಿಯೇ. ಆದರೆ ಪಲ್ಸೇಟರ್‌ನ ಟಿಕ್‌ಟಿಕ್ ಕುಂಟುತ್ತಿತ್ತು. ಯಂತ್ರ ಓಡುತ್ತಿರುವಾಗಲೇ, ಮೊಲೆತೊಟ್ಟುಗಳಿಗೆ ಹಾಕುವ ನಾಲ್ಕು ಕಪ್‌ಗಳಲ್ಲಿ ಮೂರರ ಬಾಯಿ ಮುಚ್ಚಿ, ನಾಲ್ಕನೆಯದಕ್ಕೆ ಹೆಬ್ಬೆರಳು ತೂರಿಸಿದೆ. ಬೆರಳನ್ನು ಎಳೆಯುತ್ತಿತ್ತು, ಅದುಮುತ್ತಿರಲಿಲ್ಲ.

ಕಪ್‌ನೊಳಗಿನ ರಬ್ಬರ್ ಕೊಳವೆ, ಅಂದರೆ ಲೈನರ್, ಪಲ್ಸೇಟರ್‌ನ ತಾಳಕ್ಕೆ ನಿಮಿಷಕ್ಕೆ ಸುಮಾರು 60 ಸಲ ತೆರೆದು ಮುಚ್ಚಬೇಕು. ತೆರೆದಾಗ ಹಾಲು ಹರಿಯುತ್ತದೆ. ಮುಚ್ಚಿದಾಗ, ಸೆಳೆತಕ್ಕೆ ಮೊಲೆತೊಟ್ಟಿನ ತುದಿಗೆ ಇಳಿದು ನಿಂತ ರಕ್ತ ಮೇಲಕ್ಕೆ ಸರಿಯುತ್ತದೆ. ಈ ಬಿಡುವು ಸಿಗದಿದ್ದರೆ ತೊಟ್ಟು ಊದಿಕೊಳ್ಳುತ್ತದೆ, ತುದಿ ಗಡುಸಾಗುತ್ತದೆ, ತೂತು ಸರಿಯಾಗಿ ಮುಚ್ಚದೆ ರೋಗಾಣುಗಳಿಗೆ ದಾರಿಯಾಗುತ್ತದೆ. ವೈದ್ಯರು ಕೊಟ್ಟ ಔಷಧಿ ಒಂದು ಕಡೆ ಗುಣ ಮಾಡುತ್ತಿದ್ದರೆ ಯಂತ್ರ ಬೆಳಿಗ್ಗೆ ಸಂಜೆ ಮತ್ತೆ ನೋಯಿಸುತ್ತಿತ್ತು.

ಪಲ್ಸೇಟರ್ ಬಿಚ್ಚಿದೆ. ಲೈನರ್ ಮುಚ್ಚಲು ಬೇಕಾದ ಗಾಳಿ ಒಳಹೋಗುವ ಸಣ್ಣ ತೂತಿನಲ್ಲಿ ಬೂಸಾ ಧೂಳು ಮೆತ್ತಿಕೊಂಡಿತ್ತು. ಲೈನರ್ ಒಂದನ್ನು ಉದ್ದಕ್ಕೆ ಸೀಳಿ ಆಕೆಯ ಕೈಗಿಟ್ಟೆ. ಹೊರಗೆ ನುಣುಪು, ಒಳಗೆಲ್ಲ ಕೂದಲೆಳೆಯಷ್ಟು ಬಿರುಕು. ಆ ಬಿರುಕುಗಳಲ್ಲಿ ಹಳದಿಗಟ್ಟಿದ ಹಾಲು. ಎಷ್ಟು ತೊಳೆದರೂ ಅದು ಹೋಗುವುದಿಲ್ಲ.

"ಎರಡು ವರ್ಷವಾಯಿತು, ಹರಿದಿಲ್ಲವಲ್ಲ?" ಎಂದರು. ಅವರ ತಪ್ಪಿಲ್ಲ. ರಬ್ಬರ್ ಹರಿಯುವ ಮೊದಲೇ ಸೋತಿರುತ್ತದೆ ಎಂಬುದನ್ನು ಯಂತ್ರ ಮಾರುವಾಗಲೇ ಹೇಳಬೇಕು. ಹೇಳದೆ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಾಮಾನ್ಯ ರಬ್ಬರ್ ಲೈನರಿಗೆ 2,500 ಕರೆತದ ಲೆಕ್ಕ ಹಿಡಿಯುತ್ತೇವೆ. ಹತ್ತು ಹಸು, ದಿನಕ್ಕೆರಡು ಹೊತ್ತು ಎಂದರೆ 20 ಕರೆತ. 125 ದಿನಕ್ಕೆ ಅದರ ಆಯುಷ್ಯ ಮುಗಿಯಿತು. ಕರೆತ ಕಡಿಮೆಯಿದ್ದರೂ ಆರು ತಿಂಗಳಿಗಿಂತ ಹೆಚ್ಚು ಇಡಬಾರದು.

ತೂತು ಶುಚಿಮಾಡಿ, ನಾಲ್ಕೂ ಲೈನರ್ ಬದಲಿಸಿದೆ. ಈ ಸಲ ಹೆಬ್ಬೆರಳಿಟ್ಟು ನೋಡಿದವರು ಆಕೆಯೇ. ಮಗಳು ಸೀಮೆಸುಣ್ಣ ತಂದು ಕೊಟ್ಟಿಗೆಯ ಗೋಡೆಯ ಮೇಲೆ ಆ ದಿನದ ತಾರೀಖು ಬರೆದಳು. ಬೆರಳು ಮಡಚಿ ತಿಂಗಳು ಎಣಿಸಿ, ಅದರ ಕೆಳಗೆ ಇನ್ನೊಂದು ತಾರೀಖನ್ನೂ ಬರೆದಳು.