ಏರ್‌ಪೋರ್ಟ್‌ನಿಂದ ಎಂಟು ಕಿಲೋಮೀಟರ್: ಸೈಟಿಗೆ ಸದ್ದು ಬರುತ್ತದೆಯೇ?

ಪ್ರಶ್ನೆ: ದೇವನಹಳ್ಳಿ ಸುತ್ತಮುತ್ತ ಮನೆ ಕಟ್ಟಲು ಸೈಟ್ ನೋಡುತ್ತಿದ್ದೇವೆ. ಏರ್‌ಪೋರ್ಟ್‌ನಿಂದ 8 ಕಿ.ಮೀ. ಇದೆ, ಅಷ್ಟು ದೂರಕ್ಕೆ ವಿಮಾನದ ಸದ್ದು ಬರಲ್ಲ ಅಂತಾರೆ. ನಂಬಬಹುದಾ?

ಉತ್ತರ: ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಅದೇ ಕಿಲೋಮೀಟರ್ ಲೆಕ್ಕ ಬರುತ್ತದೆ. ಎಷ್ಟು ದೂರ ಅಂತ ಕೇಳಬೇಡಿ, ಯಾವ ದಿಕ್ಕಿಗೆ ಅಂತ ಕೇಳಿ.

ಕೆರೆಗೆ ಕಲ್ಲೆಸೆದಾಗ ಏಳುವ ಅಲೆಯ ಹಾಗೆ ಸದ್ದು ನಿಲ್ದಾಣದ ಸುತ್ತ ಒಂದೇ ಸಮನೆ ಹರಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ಹೆಚ್ಚಿನ ಸದ್ದು ರನ್‌ವೇಯ ಎರಡೂ ತುದಿಯಿಂದ ಆಚೆಗೆ ಉದ್ದಕ್ಕೆ ಚಾಚಿಕೊಂಡ ಕಿರಿದಾದ ಪಟ್ಟಿಯಲ್ಲಿ ಬೀಳುತ್ತದೆ. ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಹಾಗಾಗಿ ಪಟ್ಟಿಯ ಒಂದು ತುದಿ ಸೂಲಿಬೆಲೆ ಕಡೆಗೆ, ಇನ್ನೊಂದು ದೊಡ್ಡಬಳ್ಳಾಪುರ ರಸ್ತೆಯ ಕಡೆಗೆ.

ಲೆಕ್ಕ ನೋಡಿ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ, ಅಂದರೆ ಕಿಲೋಮೀಟರಿಗೆ ಸುಮಾರು 52 ಮೀಟರ್. ರನ್‌ವೇ ತುದಿಯನ್ನು 15 ಮೀಟರ್ ಎತ್ತರದಲ್ಲಿ ದಾಟುತ್ತದೆ. ಅದೇ ಗೆರೆಯಲ್ಲಿ 8 ಕಿ.ಮೀ. ಆಚೆ ನಿಮ್ಮ ಸೈಟ್ ಇದ್ದರೆ ವಿಮಾನ ತಾರಸಿಯ ಮೇಲೆ ಬರೀ 435 ಮೀಟರ್ ಎತ್ತರದಲ್ಲಿ ಹೋಗುತ್ತದೆ. ಇನ್ನೊಂದು ಸೈಟ್ ರನ್‌ವೇಯ ಮಗ್ಗುಲಿಗೆ, 3 ಕಿ.ಮೀ. ದಕ್ಷಿಣಕ್ಕಿದೆ ಅನ್ನಿ. ನಿಲ್ದಾಣಕ್ಕೆ ಹತ್ತಿರವೇ ಆದರೂ ಹಾರುವ ವಿಮಾನದಿಂದ ಅದಕ್ಕೆ ಏಳು ಪಟ್ಟು ಹೆಚ್ಚು ಅಂತರ. ಅಂತರ ದುಪ್ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಹಾಗಾಗಿ ಇಲ್ಲಿ 15ಕ್ಕೂ ಹೆಚ್ಚು ಡೆಸಿಬೆಲ್ ಕಮ್ಮಿ. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಅಂದರೆ 8 ಕಿ.ಮೀ. ದೂರದ ಸೈಟಿಗಿಂತ 3 ಕಿ.ಮೀ. ಹತ್ತಿರದ್ದೇ ಎಷ್ಟೋ ನೆಮ್ಮದಿ.

ಪರೀಕ್ಷಿಸುವುದು ಕಷ್ಟವಲ್ಲ. ಉಪಗ್ರಹ ನಕ್ಷೆಯಲ್ಲಿ ರನ್‌ವೇ ಮೇಲೆ ಸ್ಕೇಲ್ ಇಟ್ಟು ಎರಡೂ ಕಡೆ 15 ಕಿ.ಮೀ. ಗೆರೆ ಎಳೆಯಿರಿ. ಎರಡೂ ರನ್‌ವೇಗೆ ಬೇರೆ ಬೇರೆ ಎಳೆಯಬೇಕು. ದಕ್ಷಿಣದ ರನ್‌ವೇ 2019ರ ಡಿಸೆಂಬರ್‌ನಲ್ಲಿ ಶುರುವಾಯಿತು, ಅದಕ್ಕೆ ಮುಂಚೆ "ಇಲ್ಲಿ ಏನೂ ಕೇಳಿಸಲ್ಲ" ಎಂದವರ ಮಾತು ಈಗ ಲೆಕ್ಕಕ್ಕಿಲ್ಲ. ಸೈಟ್ ಗೆರೆಯಿಂದ ಒಂದು ಕಿಲೋಮೀಟರ್ ಒಳಗೆ ಬಿದ್ದರೆ ಸ್ಥಳಕ್ಕೆ ಹೋಗಿ ನಿಂತು ಕೇಳಿ, ಒಂದು ಸಲ ಅಲ್ಲ, ಎರಡು ಸಲ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಮುಂಗಾರಿನ ಪಡುವಣ ಗಾಳಿಯಲ್ಲಿ ಪೂರ್ವದಿಂದ ಬಂದು ಇಳಿಯುತ್ತವೆ, ಪಶ್ಚಿಮಕ್ಕೆ ಏರುತ್ತವೆ. ಚಳಿಗಾಲದ ಮೂಡಣ ಗಾಳಿಯಲ್ಲಿ ಇದು ತಿರುವುಮುರುವು. ಡಿಸೆಂಬರ್‌ನಲ್ಲಿ ನೋಡಿ ಅಡ್ವಾನ್ಸ್ ಕೊಟ್ಟವರಿಗೆ ಜುಲೈನಲ್ಲಿ ಬೇರೆಯೇ ಸದ್ದು ಕೇಳಿಸುವುದು ಇದರಿಂದಲೇ. ಫೋನಿನ ಆ್ಯಪ್‌ನಲ್ಲಿ ವಿಮಾನದ ಎತ್ತರ ನೋಡುವವರು ಒಂದು ಮಾತು ನೆನಪಿಡಿ: ಅದು ತೋರಿಸುವುದು ಸಮುದ್ರಮಟ್ಟದಿಂದ, ನಮ್ಮ ನೆಲವೇ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ್ಯಪ್ 4,400 ಅಡಿ ಅಂದರೆ ನಿಮ್ಮ ತಲೆಯ ಮೇಲೆ 1,400 ಅಡಿ ಮಾತ್ರ.

"ಸದ್ದು ಕಾನೂನಿನ ಮಿತಿಯೊಳಗೇ ಇದೆಯಂತಲ್ಲ?" ಎನ್ನುವವರಿಗೆ ಮಿತಿಯ ಅರ್ಥ ಗೊತ್ತಿರಬೇಕು. ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಎನ್ನುವುದು 2000ದ ಶಬ್ದ ಮಾಲಿನ್ಯ ನಿಯಮ. ಆದರೆ 2018ರ ಅಧಿಸೂಚನೆಯ ಪ್ರಕಾರ ವರ್ಷಕ್ಕೆ 50,000ಕ್ಕಿಂತ ಹೆಚ್ಚು ಹಾರಾಟವಿರುವ ನಿಲ್ದಾಣದ ಶಬ್ದ ವಲಯದಲ್ಲಿ ಹಗಲಿಗೆ 70, ರಾತ್ರಿಗೆ 65. ಇವು ಸರಾಸರಿಗಳು. ಒಂದು ವಿಮಾನ 75 ಡೆಸಿಬೆಲ್ ಸದ್ದಿನಲ್ಲಿ 20 ಸೆಕೆಂಡ್ ಹಾದುಹೋಯಿತು ಅನ್ನಿ. ಅದನ್ನು ರಾತ್ರಿಯ ಎಂಟು ಗಂಟೆಗೆ ಹರಡಿದರೆ ಸರಾಸರಿ 43. ಎರಡನೇ ವಿಮಾನಕ್ಕೇ 45 ದಾಟುತ್ತದೆ, ಆದರೆ 65 ಮುಟ್ಟಲು ಸುಮಾರು 144 ವಿಮಾನ ಬೇಕು. ಮಲಗಿದ ಮಗು ಸರಾಸರಿಗೆ ಎಚ್ಚರಗೊಳ್ಳುವುದಿಲ್ಲ, ಆ ಇಪ್ಪತ್ತು ಸೆಕೆಂಡಿಗೆ ಎಚ್ಚರಗೊಳ್ಳುತ್ತದೆ. ಆದ್ದರಿಂದಲೇ ಈ ಪಟ್ಟಿಯಲ್ಲಿ ಗೋದಾಮು, ಕೋಲ್ಡ್ ಸ್ಟೋರೇಜ್, ಕಿಟಕಿ ತೆರೆಯದ ಆಫೀಸು ಬರಬೇಕು. ಮನೆ, ಶಾಲೆ, ಆಸ್ಪತ್ರೆ ಮಗ್ಗುಲಿಗೆ ಸರಿಯಬೇಕು.

ಕಾಂಪೌಂಡ್ ಎತ್ತರಿಸಿದರೆ, ಮರ ಬೆಳೆಸಿದರೆ ಆಗಲ್ಲವೇ? ಆಗಲ್ಲ, ಸದ್ದು ಮೇಲಿನಿಂದ ಬರುತ್ತದೆ. ಕಾಂಕ್ರೀಟ್ ತಾರಸಿ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಶೀಟ್ ಹೊದಿಸಿದ ಮಹಡಿ ಕೋಣೆ ತಡೆಯುವುದಿಲ್ಲ. ಸೋರುವುದು ಸ್ಲೈಡಿಂಗ್ ಕಿಟಕಿಯ ಸಂದಿನಿಂದ, ಬಚ್ಚಲಿನ ವೆಂಟಿಲೇಟರ್‌ನಿಂದ. ಮಲಗುವ ಕೋಣೆಗೆ ರಬ್ಬರ್ ಪಟ್ಟಿ ಇರುವ, ಬಾಗಿಲಿನಂತೆ ತೆರೆದು ಮುಚ್ಚುವ ಕಿಟಕಿ ಹಾಕಿಸಿ, ಎರಡು ಪದರದ ಗಾಜು ಇರಲಿ. ಆದರೆ ಗಾಳಿಗೆಂದು ಅದನ್ನು ತೆರೆದ ಕ್ಷಣವೇ ಹಾಕಿದ ದುಡ್ಡು ವ್ಯರ್ಥ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಲೇಔಟ್‌ನವರು "ಏರ್‌ಪೋರ್ಟ್ ಎನ್‌ಒಸಿ ಇದೆ" ಎಂದು ಕಾಗದ ತೋರಿಸುತ್ತಾರೆ. ವಿಮಾನ ನಿಲ್ದಾಣ ಪ್ರಾಧಿಕಾರದ ಆ ಎನ್‌ಒಸಿ ಕಟ್ಟಡದ ಎತ್ತರಕ್ಕೆ ಮಾತ್ರ, ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. ಅದರಲ್ಲಿರುವ ಅಂಕಿಯೂ ಸಮುದ್ರಮಟ್ಟದಿಂದ ಲೆಕ್ಕ ಹಾಕಿದ್ದು. ಕಾಗದದಲ್ಲಿ 930 ಮೀಟರ್ ಇದ್ದು ನಿಮ್ಮ ನೆಲ 912 ಮೀಟರ್‌ನಲ್ಲಿದ್ದರೆ ಕಟ್ಟಬಹುದಾದದ್ದು 18 ಮೀಟರ್. ಓವರ್‌ಹೆಡ್ ಟ್ಯಾಂಕ್, ಲಿಫ್ಟ್ ರೂಮ್, ಸೋಲಾರ್ ಸ್ಟ್ಯಾಂಡ್ ಎಲ್ಲವೂ ಆ ಹದಿನೆಂಟರೊಳಗೇ ಬರಬೇಕು.