ಖಾಲಿ ಪ್ಲಾಸ್ಟಿಕ್ ಡಬ್ಬಿ: ಮೊದಲು ತಳ ನೋಡಿ, ಆಮೇಲೆ ಕತ್ತರಿ ಹಿಡಿಯಿರಿ

ಖಾಲಿ ಡಬ್ಬಿಯಿಂದ ಏನೇನು ಮಾಡಬಹುದು ಅಂತ ಹುಡುಕಿದರೆ ನೂರೆಂಟು ಐಡಿಯಾ ಸಿಗುತ್ತವೆ. ಫೋಟೋದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಮಾಡಲು ಕೂತಾಗ ಮಾತ್ರ ಒಂದು ಡಬ್ಬಿಗೆ ಬಣ್ಣವೇ ಹಿಡಿಯುವುದಿಲ್ಲ, ಇನ್ನೊಂದು ಕತ್ತರಿ ತಾಗಿಸಿದ ಕೂಡಲೇ ಸೀಳಿಹೋಗುತ್ತದೆ, ಮತ್ತೊಂದು ಬಿಸಿನೀರು ಬಿದ್ದರೆ ಸೊಟ್ಟಗಾಗುತ್ತದೆ. ಡಬ್ಬಿ ಯಾವ ಪ್ಲಾಸ್ಟಿಕ್ಕಿನದು ಅನ್ನುವುದರ ಮೇಲೆ ಇದೆಲ್ಲ ನಿಂತಿದೆ. ಅದಕ್ಕೇ ಈ ಟಿಪ್ಪಣಿಯಲ್ಲಿ ವಸ್ತುವಿನ ಗುಣ ಮೊದಲು ಬರುತ್ತದೆ, ಐಡಿಯಾ ಆಮೇಲೆ. ಗುಣ ಗೊತ್ತಾದರೆ ಅರ್ಧ ಐಡಿಯಾ ನಿಮಗೇ ಹೊಳೆಯುತ್ತವೆ.

ತಳದಲ್ಲಿರುವ ನಂಬರ್

ಡಬ್ಬಿ ತಿರುಗಿಸಿದರೆ ತಳದಲ್ಲಿ ಪುಟ್ಟ ತ್ರಿಕೋನ, ಅದರೊಳಗೆ 1ರಿಂದ 7ರವರೆಗಿನ ಒಂದು ಅಂಕಿ ಕಾಣುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರ ಸಂಘ ಇದನ್ನು ಶುರು ಮಾಡಿತು. ಪ್ಲಾಸ್ಟಿಕ್ ವಿಂಗಡಿಸುವವರಿಗೆ ಯಾವುದು ಯಾವ ಜಾತಿ ಅಂತ ಗೊತ್ತಾಗಲಿ ಅನ್ನುವುದಷ್ಟೇ ಉದ್ದೇಶ. ಆದರೆ ಸುತ್ತ ಬಾಣಗಳಿದ್ದವು ನೋಡಿ, ಜನ ಅದನ್ನು 'ಇದು ಖಂಡಿತ ಮರುಬಳಕೆಗೆ ಹೋಗುತ್ತದೆ' ಅಂತ ಓದಿಕೊಂಡರು. 2013ರಲ್ಲಿ ಮಾನದಂಡ ಬದಲಿಸಿ ಬಾಣಗಳ ಬದಲು ಸಾದಾ ತ್ರಿಕೋನ ಇಟ್ಟರು. ಹಳೆಯ ಅಚ್ಚುಗಳು ಇನ್ನೂ ಓಡುತ್ತಿರುವುದರಿಂದ ಎರಡೂ ಕಣ್ಣಿಗೆ ಬೀಳುತ್ತವೆ. ನೆನಪಿಡಬೇಕಾದ್ದು ಇಷ್ಟು: ಆ ಅಂಕಿ ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ. 'ಮತ್ತೆ ಊಟ ಹಾಕಬಹುದು' ಅಂತ ಎಲ್ಲೂ ಹೇಳುವುದಿಲ್ಲ.

ನಮಗೆ ಜಾಸ್ತಿ ಸಿಗುವುದು ನಾಲ್ಕು ಜಾತಿ.

1 ಅಂದರೆ ಪೆಟ್. ನೀರು, ಜ್ಯೂಸಿನ ಬಾಟಲಿ, ಹಣ್ಣು ತುಂಬಿ ಬರುವ ಪಾರದರ್ಶಕ ಪೆಟ್ಟಿಗೆ. ಗಾಜಿನಷ್ಟು ತಿಳಿ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗತೊಡಗುತ್ತದೆ. ಕುದಿನೀರು ಹಾಕಿದರೆ ಬಾಟಲಿ ಮುದುಡುವುದು ಅದಕ್ಕೇ.

2 ಅಂದರೆ ಎಚ್‌ಡಿಪಿಇ. ಹಾಲಿನ ಕ್ಯಾನು, ಹಿಡಿಕೆ ಇರುವ ಬಿಳಿ ಮಬ್ಬು ಜಾರು. ಗಟ್ಟಿ, ಆದರೂ ಕತ್ತರಿಗೆ ಸಲೀಸಾಗಿ ಬಗ್ಗುತ್ತದೆ, ಬಿರುಕು ಬಿಡುವುದಿಲ್ಲ. ಕತ್ತರಿಸಿ ಏನಾದರೂ ಮಾಡಬೇಕು ಅಂದರೆ ನನ್ನ ಮೊದಲ ಆಯ್ಕೆ ಇದೇ.

5 ಅಂದರೆ ಪಿಪಿ, ಪಾಲಿಪ್ರೊಪಿಲೀನ್. ಮೊಸರಿನ ಕಪ್, ಪಾರ್ಸೆಲ್ ಊಟದ ಮುಚ್ಚಳದ ಡಬ್ಬಿ, ಬೆಣ್ಣೆಯ ಡಬ್ಬಿ. ಕರಗುವುದು 160 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ಬಿಸಿಗೆ ಆಕಾರ ಕೆಡಿಸಿಕೊಳ್ಳುವುದಿಲ್ಲ. ಮಡಚಿದ ಜಾಗದಲ್ಲಿ ಬೆಳ್ಳಗಾಗುತ್ತದೆ, ಆದರೆ ಮುರಿಯುವುದಿಲ್ಲ. ಬಾಟಲಿಗಳ ತಟ್ಟನೆ ತೆರೆಯುವ ಮುಚ್ಚಳಗಳಿಗೆ ಇದನ್ನೇ ಹಾಕುವುದು ಈ ಗುಣಕ್ಕಾಗಿ.

6 ಅಂದರೆ ಪಾಲಿಸ್ಟೈರೀನ್. ಹಿಚುಕಿದರೆ ಚಟಪಟ ಅನ್ನುವ ತೆಳು ಕಪ್, ಬಿಸಾಡುವ ಚಮಚ, ಥರ್ಮೋಕೋಲ್ ಎಲ್ಲ ಇದೇ ಕುಟುಂಬ. ಕತ್ತರಿ ಇಟ್ಟರೆ ಸೀಳುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ತಾಗಿದರೆ ಕರಗಿಯೇ ಹೋಗುತ್ತದೆ. ಇದನ್ನು ಓವನ್ನಿನಲ್ಲಿಟ್ಟು ಕುಗ್ಗಿಸಿ ಮಕ್ಕಳಿಗೆ ಕೀಚೈನ್ ಮಾಡಿಕೊಡುವವರಿದ್ದಾರೆ. ಹಾಳೆಯನ್ನು ಬಿಸಿಯಲ್ಲಿ ಎಳೆದು ಕಪ್ ಮಾಡಿರುತ್ತಾರೆ, ಮತ್ತೆ ಕಾಯಿಸಿದಾಗ ಅದು ಹಳೆಯ ಚಪ್ಪಟೆ ರೂಪಕ್ಕೆ ಮರಳುತ್ತದೆ. ತತ್ವ ಚೆನ್ನಾಗಿದೆ. ಆದರೆ ಅಡುಗೆ ಮಾಡುವ ಓವನ್ನಿನಲ್ಲಿ ಆ ವಾಸನೆ ಎಬ್ಬಿಸುವುದು ನನಗಂತೂ ಬೇಡ.

3 ಪಿವಿಸಿ (ಪೈಪಿನ ಪ್ಲಾಸ್ಟಿಕ್), 4 ಎಲ್‌ಡಿಪಿಇ (ಮೆತ್ತನೆಯ ಪಾಲಿಥಿನ್), 7 ಅಂದರೆ ಉಳಿದ ಎಲ್ಲವೂ. 7ರಲ್ಲಿ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಕೂಡ ಸೇರುತ್ತದೆ. ಅದರಲ್ಲಿರುವ ಬಿಸ್ಫಿನಾಲ್-ಎ ಅನ್ನುವ ರಾಸಾಯನಿಕದ ಕಾರಣಕ್ಕೆ ಐರೋಪ್ಯ ಒಕ್ಕೂಟ 2011ರಲ್ಲಿ ಮಕ್ಕಳ ಹಾಲಿನ ಬಾಟಲಿಗೆ ಇದು ಬೇಡ ಅಂದಿತು. ತಯಾರಕರು ಆಗಲೇ ಬಿಟ್ಟಿದ್ದರಿಂದ ಅಮೆರಿಕವೂ 2012ರಲ್ಲಿ ಅದರ ಅನುಮತಿ ತೆಗೆದುಹಾಕಿತು. 3 ಮತ್ತು 7ನ್ನು ನಾನು ತಿನ್ನುವ ಪದಾರ್ಥದ ಹತ್ತಿರ ತರುವುದಿಲ್ಲ. ಮೊಳೆ, ಗುಂಡಿ, ಪೆನ್ಸಿಲ್ ಹಾಕಿಡಲು ಯಾವುದಾದರೂ ಸರಿ.

ಅಂಕಿ ಅಳಿಸಿಹೋಗಿದ್ದರೆ? ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ, ಬೆರಳಿನಿಂದ ಒತ್ತಿ ಮುಳುಗಿಸಿ ಬಿಡಿ. ಮೇಲೆ ಬಂದರೆ 2, 4 ಅಥವಾ 5 (ಗಾಳಿ ತುಂಬಿದ ಥರ್ಮೋಕೋಲ್ ಮಾತ್ರ 6 ಆದರೂ ತೇಲುತ್ತದೆ). ತಳ ಸೇರಿದರೆ 1, 3 ಅಥವಾ 6 ಇರಬಹುದು. ನೀರಿನ ಬಾಟಲಿಯ ಒಂದು ಚೂರನ್ನೂ ಅದರದೇ ಮುಚ್ಚಳದ ಒಂದು ಚೂರನ್ನೂ ಒಟ್ಟಿಗೆ ಹಾಕಿ ನೋಡಿ. ಬಾಟಲಿ ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಎರಡೂ ಬೇರೆ ಬೇರೆ ಪ್ಲಾಸ್ಟಿಕ್. ಮರುಬಳಕೆ ಕಾರ್ಖಾನೆಗಳಲ್ಲೂ ಪುಡಿ ಮಾಡಿದ ಬಾಟಲಿಯಿಂದ ಮುಚ್ಚಳದ ಚೂರು ಬೇರ್ಪಡಿಸಲು ಇದೇ ಉಪಾಯ ಬಳಸುತ್ತಾರೆ.

ಮತ್ತೆ ಅಡುಗೆಮನೆಗೇ ತರಬಹುದಾ?

ತರಬಹುದು, ಆದರೆ ಎಲ್ಲದಕ್ಕೂ ಅಲ್ಲ. ಪ್ಲಾಸ್ಟಿಕ್ಕಿನಲ್ಲಿರುವ ರಾಸಾಯನಿಕ ಸ್ವಲ್ಪ ಸ್ವಲ್ಪವೇ ಆಹಾರಕ್ಕೆ ಇಳಿಯುತ್ತದೆ. ಬಿಸಿ, ಎಣ್ಣೆ, ಹುಳಿ, ಹೆಚ್ಚು ಹೊತ್ತು, ಈ ನಾಲ್ಕರಲ್ಲಿ ಯಾವುದು ಸೇರಿದರೂ ಇಳಿಯುವುದು ಜಾಸ್ತಿ. ಬಿಸಿ ಮತ್ತು ಎಣ್ಣೆ ಜೊತೆಯಾದರಂತೂ ಕೇಳಲೇಬೇಡಿ. ಒಮ್ಮೆ ಬಳಸಿ ಬಿಡಲಿ ಅಂತ ಮಾಡಿದ ಡಬ್ಬಿಯನ್ನು ಈ ಪರೀಕ್ಷೆಗೆ ಒಡ್ಡುವುದು ಬೇಡ. ಒಣ ಬೇಳೆ, ಕಾಳು, ಬೀಜ ತುಂಬಿಡಲು 1, 2, 5 ಸಾಕು. ಮೈಕ್ರೋವೇವ್ ಚಿಹ್ನೆ ಇದ್ದರೂ, ಡಬ್ಬಿ ಆ ಬಿಸಿಗೆ ಕರಗಿ ಸೊಟ್ಟಗಾಗುವುದಿಲ್ಲ ಅನ್ನುವುದೇ ಅದರ ಮುಖ್ಯ ಭರವಸೆ. ನಾನು ಬಿಸಿ ಮಾಡುವ ಮೊದಲು ಗಾಜಿಗೋ ಪಿಂಗಾಣಿಗೋ ಸುರಿದುಕೊಳ್ಳುತ್ತೇನೆ.

ಫ್ರೀಜರಿಗೆ ಇಡುವಾಗ ಎರಡು ವಿಷಯ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಮೇಲೆ ಜಾಗ ಬಿಡಿ. ಇನ್ನೊಂದು, 5ನೇ ನಂಬರಿನ ಡಬ್ಬಿ ಬಿಸಿಗೆ ಎಷ್ಟು ಗಟ್ಟಿಯೋ ಚಳಿಗೆ ಅಷ್ಟೇ ಪುಕ್ಕಲು. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದಂತೆ ಪೆಡಸಾಗುತ್ತದೆ. ಫ್ರೀಜರಿನಿಂದ ತೆಗೆದಾಗ ಕೈಜಾರಿ ಬಿದ್ದರೆ ಚೂರು ಚೂರು.

ಒಳಗೆ ಗೀರು ಬಿದ್ದ ಡಬ್ಬಿಯನ್ನು ಆಹಾರದಿಂದ ನಿವೃತ್ತಿ ಮಾಡಿ. ಗೀರಿನ ಸಂದಿಗೆ ಸ್ಕ್ರಬ್ಬರ್ ತಲುಪುವುದಿಲ್ಲ, ಬ್ಯಾಕ್ಟೀರಿಯಾ ತಲುಪುತ್ತದೆ. ಟೊಮೇಟೊ ಕೆಂಪು, ಅರಿಸಿನದ ಹಳದಿ ಹೋಗದೆ ಕೂತಿದ್ದರೆ ಅದು ಕೊಳೆಯಲ್ಲ. ಎಣ್ಣೆಯಲ್ಲಿ ಕರಗುವ ಬಣ್ಣ, ಎಣ್ಣೆ ಹೀರುವ ಪ್ಲಾಸ್ಟಿಕ್ಕಿನೊಳಗೆ ಸೇರಿಕೊಂಡಿರುತ್ತದೆ. ಉಜ್ಜಿ ಕೈ ನೋಯಿಸಿಕೊಳ್ಳುವ ಬದಲು ಬಿಸಿಲಿಗಿಡಿ, ಅರಿಸಿನದ ಬಣ್ಣ ಬೆಳಕಿಗೆ ತಾನಾಗಿ ಮಾಸುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಕುಡಿಯುವ ನೀರಿನ, ಜ್ಯೂಸಿನ ಬಾಟಲಿಗೆ ಸೀಮೆಎಣ್ಣೆ, ಬ್ಲೀಚ್, ಆಸಿಡ್, ಕೀಟನಾಶಕ ಸುರಿದಿಡಬೇಡಿ. ಚೀಟಿ ಅಂಟಿಸಿದರೂ ಬೇಡ. ಚಿಕ್ಕ ಮಗು ಚೀಟಿ ಓದುವುದಿಲ್ಲ, ಬಾಟಲಿಯ ಆಕಾರ ನೋಡಿ ಕುಡಿದುಬಿಡುತ್ತದೆ.

ತಾನೇ ನೀರು ಕುಡಿಯುವ ಕುಂಡ

ಕಲಿಯುವವರಿಗೆ ನಾನು ಮೊದಲು ಮಾಡಿಸುವುದು ಇದನ್ನೇ. ಒಂದರಲ್ಲಿ ನಾಲ್ಕು ಪಾಠ ಸಿಗುತ್ತವೆ.

ಒಂದೋ ಎರಡೋ ಲೀಟರಿನ ಪೆಟ್ ಬಾಟಲಿಯನ್ನು ಮಧ್ಯಕ್ಕಿಂತ ಸ್ವಲ್ಪ ಮೇಲೆ ಅಡ್ಡಕ್ಕೆ ಕತ್ತರಿಸಿ. ಮೇಲಿನ ತುಂಡನ್ನು ಕುತ್ತಿಗೆ ಕೆಳಗಾಗಿ ಕೆಳಗಿನ ತುಂಡಿನೊಳಗೆ ಕೂರಿಸಿ. ಮುಚ್ಚಳಕ್ಕೆ ತೂತು ಮಾಡಿ ಹಳೆಯ ಹತ್ತಿ ಬನಿಯನ್ನಿನ ಒಂದು ಪಟ್ಟಿ ತೂರಿಸಿ. ಅರ್ಧ ಮಣ್ಣಿನೊಳಗೆ ಇರಲಿ, ಅರ್ಧ ಕೆಳಗಿನ ನೀರಿನಲ್ಲಿ ಜೋತಾಡಲಿ. ಇದು ಬತ್ತಿ. ಎಳೆಗಳ ನಡುವಿನ ಸಣ್ಣ ಸಂದಿಗಳಲ್ಲಿ ನೀರು ತಾನಾಗಿ ಮೇಲೇರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ತತ್ವದಿಂದ.

ಬಹಳಷ್ಟು ಕುಂಡ ಕೆಡುವುದು ಸಣ್ಣ ವಿವರಗಳಲ್ಲಿ. ಬತ್ತಿಯನ್ನು ಮೊದಲೇ ನೆನೆಸಿರಬೇಕು, ಒಣ ಬತ್ತಿ ನೀರೆಳೆಯಲು ತಡವರಿಸುತ್ತದೆ. ಮೊದಲ ಸಲ ಮಣ್ಣಿಗೂ ಮೇಲಿನಿಂದಲೇ ನೀರು ಹಾಕಿ. ಬಾಟಲಿಯ ಕುತ್ತಿಗೆ ನೀರಿಗೆ ತಾಗಬಾರದು, ನಡುವೆ ಗಾಳಿಗೆ ಜಾಗ ಇರಲಿ. ತಾಗಿದರೆ ಮಣ್ಣು ಸದಾ ಕೆಸರಾಗಿ ಬೇರು ಕೊಳೆಯುತ್ತದೆ. ಜಿಗುಟು ಮಣ್ಣು ಬೇಡ, ತೆಂಗಿನ ನಾರಿನ ಪುಡಿ, ಗೊಬ್ಬರ ಸೇರಿಸಿದ ಹಗುರ ಮಣ್ಣು ಒಳ್ಳೆಯದು. ಹತ್ತಿ ಬಟ್ಟೆ ಕೆಲವು ತಿಂಗಳಲ್ಲಿ ಕೊಳೆಯುತ್ತದೆ, ಬದಲಿಸಿ. ಕಳ್ಳಿ ಜಾತಿಯ ಗಿಡಗಳನ್ನು ಇದರಲ್ಲಿ ನೆಡಬೇಡಿ, ಅವಕ್ಕೆ ಇಷ್ಟು ತೇವ ಆಗುವುದಿಲ್ಲ. ಆಗೊಮ್ಮೆ ಈಗೊಮ್ಮೆ ಮೇಲಿನಿಂದ ನೀರು ಸುರಿದು ಹರಿಸಿ, ಇಲ್ಲವಾದರೆ ಗೊಬ್ಬರದ ಲವಣ ಮಣ್ಣಿನ ಮೇಲ್ಪದರದಲ್ಲೇ ಶೇಖರವಾಗುತ್ತದೆ.

ಪಾರದರ್ಶಕ ಬಾಟಲಿಯಲ್ಲಿ ಬೆಳಕು ಬಿದ್ದ ನೀರು ಹಸಿರು ಪಾಚಿ ಕಟ್ಟುತ್ತದೆ. ಕೆಳಗಿನ ತುಂಡಿಗೆ ದಪ್ಪ ಕಾಗದವೋ ಬಟ್ಟೆಯೋ ಸುತ್ತಿ. ಸೊಳ್ಳೆ ಇನ್ನೂ ದೊಡ್ಡ ತಲೆನೋವು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ. ಬರೀ ಚೆಲ್ಲಿದರೆ ಸಾಲದು, ಒಳಗೋಡೆಯನ್ನೂ ಉಜ್ಜಬೇಕು. ಮೊಟ್ಟೆ ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಗೋಡೆಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಕಾಯುತ್ತದೆ.

ಹಣ್ಣಿನ ಪಾರದರ್ಶಕ ಪೆಟ್ಟಿಗೆ ಇದ್ದರೆ ಬೀಜ ಮೊಳೆಸಲು ಬಳಸಿ. ಮುಚ್ಚಳ ಹಾಕಿದರೆ ತೇವ ಒಳಗೇ ಉಳಿಯುತ್ತದೆ. ಮೊಳಕೆ ಕಂಡ ಮೇಲೆ ಮುಚ್ಚಳ ತೆರೆಯಿರಿ. ತೆರೆಯದಿದ್ದರೆ ಬೂಷ್ಟು ಹಿಡಿದು ಸಸಿಯ ಬುಡ ಕರಗಿ ಮಲಗಿಬಿಡುತ್ತದೆ.

ಬಣ್ಣ ಯಾಕೆ ಹಿಡಿಯುವುದಿಲ್ಲ?

ಮೊಸರಿನ ಡಬ್ಬಿಗೆ ಬಣ್ಣ ಬಳಿದು ಪೆನ್ ಸ್ಟ್ಯಾಂಡ್ ಮಾಡುವ ಚಿತ್ರ ಎಲ್ಲೆಡೆ ಇದೆ. ಒಣಗಿದ ಮೇಲೆ ಉಗುರಿನಿಂದ ಕೆರೆದು ನೋಡಿ, ಸಿಪ್ಪೆ ಥರ ಎದ್ದುಬರುತ್ತದೆ. ಕಾರಣ 2, 4, 5ನೇ ಪ್ಲಾಸ್ಟಿಕ್ಕಿನ ಮೇಲ್ಮೈ. ಅದರ ಮೇಲೆ ಬಣ್ಣ, ಅಂಟು ಯಾವುದೂ ಹರಡಿ ಕಚ್ಚಿಕೊಳ್ಳುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಬೇರೆಯೇ ನಿಲ್ಲುತ್ತದೆ. ಸ್ಯಾಂಡ್ ಪೇಪರಿನಿಂದ ಉಜ್ಜಿದರೆ ತುಸು ಹಿಡಿಯುತ್ತದೆ, ಆದರೆ ದಿನಾ ಕೈಯಾಡುವ ವಸ್ತುವಿಗೆ ಅಷ್ಟು ಸಾಲದು. ಸೂಪರ್ ಗ್ಲೂ, ಬಿಸಿ ಅಂಟು ಕೂಡ ಒಂದು ದಿನ ಪಟ್ ಅಂತ ಬಿಟ್ಟುಕೊಳ್ಳುತ್ತವೆ.

ಹಾಗಾದರೆ ಅಂಟಿಸುವ ಆಸೆ ಬಿಟ್ಟು ಕಟ್ಟಿ, ಹೊಲಿಯಿರಿ. ಡಬ್ಬಿಯ ಅಂಚಿನ ಸುತ್ತ ದಬ್ಬಳದಿಂದ ಬೆರಳಗಲಕ್ಕೊಂದು ತೂತು ಮಾಡಿ, ದಪ್ಪ ನೂಲಿನಿಂದ ಬಟ್ಟೆಯನ್ನು ಅಂಚಿಗೆ ಹೊಲಿದರೆ ಚಂದದ ಬುಟ್ಟಿಯಾಗುತ್ತದೆ. ಎರಡು ಡಬ್ಬಿ ಜೋಡಿಸಬೇಕಾದರೆ ತಂತಿ, ನಟ್ಟು ಬೋಲ್ಟು, ಕೇಬಲ್ ಟೈ. ಬಣ್ಣವೇ ಬೇಕೆಂದರೆ 1ನೇ ನಂಬರ್ ಆರಿಸಿಕೊಳ್ಳಿ, ಅದು ಇವುಗಳಿಗಿಂತ ಚೆನ್ನಾಗಿ ಬಣ್ಣ ಹಿಡಿಯುತ್ತದೆ. ಕಾದ ಮೊಳೆಯಿಂದ ತೂತು ಕೊರೆಯುವ ಅಭ್ಯಾಸ ಇದ್ದರೆ ಕಿಟಕಿ ತೆರೆದು ಮಾಡಿ. ದಬ್ಬಳ ಅಥವಾ ಕೈ ಡ್ರಿಲ್ ಇದ್ದರೆ ಆ ಹೊಗೆಯೇ ಬೇಡ.

ಅಂಟದ ಗುಣವನ್ನು ತಿರುಗಿಸಿ ನೋಡಿ, ಅದೇ ಲಾಭ! ಅಂಟು, ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಅಂಟು), ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಲು ಮೊಸರಿನ ಡಬ್ಬಿಯಷ್ಟು ಒಳ್ಳೆಯ ಪಾತ್ರೆ ಇನ್ನೊಂದಿಲ್ಲ. ಉಳಿದದ್ದು ಗಟ್ಟಿಯಾದ ಮೇಲೆ ಡಬ್ಬಿಯನ್ನು ಹಿಚುಕಿದರೆ ಹೆಂಟೆಯಾಗಿ ಕಳಚಿ ಬೀಳುತ್ತದೆ. ತೊಳೆಯುವ ಕೆಲಸವೇ ಇಲ್ಲ.

ಇನ್ನು ಕೆಲವು, ಬೇಗಬೇಗ

ಬಾಟಲಿಯ ಕುತ್ತಿಗೆಯನ್ನು ಮಾತ್ರ ಕತ್ತರಿಸಿಕೊಳ್ಳಿ. ಪ್ಲಾಸ್ಟಿಕ್ ಕವರಿನ ಬಾಯಿಯನ್ನು ಅದರೊಳಗಿಂದ ಮೇಲೆಳೆದು ಹೊರಕ್ಕೆ ಮಡಚಿ, ಮೇಲೆ ಮುಚ್ಚಳ ತಿರುಪಿ. ಕವರಿಗೆ ಭದ್ರ ಬಾಯಿ ಸಿಕ್ಕಿತು. ಕತ್ತರಿಸಿದ ಅಂಚು ಚೂಪಾಗಿರುತ್ತದೆ, ಸ್ಯಾಂಡ್ ಪೇಪರ್ ಆಡಿಸಿ.

ಹಿಡಿಕೆಯ ಹಾಲಿನ ಜಾರನ್ನು ಓರೆಯಾಗಿ ಕತ್ತರಿಸಿದರೆ ಮಣ್ಣು ಮೊಗೆಯುವ ಸಲಿಕೆ. ಕತ್ತರಿಸಿದ ಇನ್ನೊಂದು ತುಂಡು, ಬಾಯಿ ಇರುವುದು, ಆಲಿಕೆ.

ಬಿಳಿ ಡಬ್ಬಿಯ ಗೋಡೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದರೆ ಗಿಡಗಳ ಹೆಸರುಪಟ್ಟಿ. ಬರೆಯಲು ಮಾರ್ಕರ್ ಬೇಡ, ಸಾದಾ ಪೆನ್ಸಿಲ್ ಸಾಕು. ಮಾರ್ಕರಿನ ಶಾಯಿ ಬಿಸಿಲಿಗೆ ಮಾಸುತ್ತದೆ, ಪೆನ್ಸಿಲಿನ ಗ್ರಾಫೈಟ್ ಮಾಸುವುದಿಲ್ಲ.

ಒಂದೇ ಅಳತೆಯ ಚೌಕ ಡಬ್ಬಿಗಳನ್ನು ಡ್ರಾಯರಿನಲ್ಲಿ ಒತ್ತೊತ್ತಾಗಿ ಕೂರಿಸಿದರೆ ಸಣ್ಣಪುಟ್ಟ ಸಾಮಾನಿಗೆ ಗೂಡು ಸಿದ್ಧ. ದುಂಡಗಿನವು ಈ ಕೆಲಸಕ್ಕೆ ಆಗಿಬರುವುದಿಲ್ಲ, ಮೂಲೆ ಮೂಲೆಯಲ್ಲಿ ಜಾಗ ಹಾಳು.

ಲೇಬಲ್ಲಿನ ಅಂಟು ಹೋಗಬೇಕಾ? ಅಡುಗೆ ಎಣ್ಣೆಗೆ ಅಡುಗೆ ಸೋಡಾ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ, ಆಮೇಲೆ ಸೋಪಿನಿಂದ ತೊಳೆಯಿರಿ.

ಎಷ್ಟು ದಿನ ಬಾಳುತ್ತದೆ?

ಮನೆಯೊಳಗಿದ್ದರೆ ಬಹಳ ವರ್ಷ. ಹೊರಗೆ ಬಿಸಿಲಿಗೆ ಬಿದ್ದರೆ ಕತೆ ಬೇರೆ. ಸೂರ್ಯನ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಉದ್ದ ಅಣು ಸರಪಳಿಗಳನ್ನು ತುಂಡು ಮಾಡುತ್ತದೆ. 5ನೇ ನಂಬರಿಗೆ ಇದರ ಹೊಡೆತ ಜಾಸ್ತಿ. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಮುಟ್ಟಿದರೆ ಸುಣ್ಣದ ಪುಡಿ ಥರ ಕೈಗೆ ಹತ್ತುತ್ತದೆ, ಕೊನೆಗೆ ಒತ್ತಿದರೆ ಪುಡಿಯಾಗುತ್ತದೆ. ಪುಡಿಯಾಗುವವರೆಗೆ ಕಾಯಬೇಡಿ. ಮಣ್ಣಿಗೆ ಸೇರಿದ ಚೂರುಗಳನ್ನು ಮತ್ತೆ ಆರಿಸಲು ಯಾರಿಂದಲೂ ಆಗದು. ಪುಡಿ ಹತ್ತತೊಡಗಿದ ಕೂಡಲೇ ಕುಂಡ ಬದಲಿಸಿ.

ಕೆಲಸ ಗೊತ್ತಿಲ್ಲದೆ ಡಬ್ಬಿ ಕೂಡಿಡುವುದೂ ಬೇಡ. ಕಪಾಟು ತುಂಬಿದ ಖಾಲಿ ಡಬ್ಬಿ ಕಪಾಟಿನಲ್ಲಿರುವ ಕಸ ಅಷ್ಟೇ, ಅಲ್ವಾ? ಹೆಚ್ಚಾದದ್ದನ್ನು ತೊಳೆದು, ಒಣಗಿಸಿ, ಬಣ್ಣ ಅಂಟು ಯಾವುದೂ ಹಚ್ಚದೆ ಮರುಬಳಕೆಯ ಕಸಕ್ಕೆ ಕೊಟ್ಟುಬಿಡಿ. ಬಟ್ಟೆ ಹೊಲಿದ, ತಂತಿ ಬಿಗಿದ ಡಬ್ಬಿಯನ್ನು ಕೊಡುವ ಮೊದಲು ಅವನ್ನೆಲ್ಲ ಬಿಚ್ಚಿ ತೆಗೆಯಿರಿ. ಹೊಲಿದದ್ದಾದರೆ ನೂಲು ಕತ್ತರಿಸಿದರೆ ಮುಗಿಯಿತು. ಅಂಟು ಹಿಡಿಯುವ 1ನೇ ನಂಬರಿನಂಥ ಡಬ್ಬಿಗೆ ಎಪಾಕ್ಸಿ ಹಾಕಿ ಬೇರೆ ವಸ್ತುವನ್ನು ಅಂಟಿಸಿದ್ದರೆ ಮಾತ್ರ ಬಿಡಿಸಲಾಗದೆ ಎರಡೂ ಕಸದ ರಾಶಿಗೇ ಹೋಗುತ್ತವೆ.