ಬಳಪದ ಕಲ್ಲಿನ ಗುಡಿಗಳು ಮತ್ತು ಸುಣ್ಣ ಕೆರೆಯುವ ಅವಸರ

ಜಾತ್ರೆ ಅಥವಾ ಕಳಸಾರೋಹಣ ಹತ್ತಿರ ಬಂದಾಗ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಊರುಗಳಿಂದ ನಮ್ಮಂಥ ಶಿಲ್ಪ ಸಂರಕ್ಷಕರಿಗೆ ಬರುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: ಗುಡಿಯ ಕಂಬ, ಬಾಗಿಲವಾಡಗಳ ಮೇಲಿನ ಸುಣ್ಣ-ಬಣ್ಣ ತೆಗೆದು ಕಲ್ಲನ್ನು ಮೊದಲಿನಂತೆ ಮಾಡಿಕೊಡಲು ಎಷ್ಟು ದಿನ ಬೇಕು, ಎಷ್ಟು ಖರ್ಚಾಗುತ್ತದೆ? ಈ ಪ್ರಶ್ನೆಯ ಹಿಂದೆ ಇರುವುದು ಊರಿನವರ ಪ್ರೀತಿ ಮತ್ತು ಭಕ್ತಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಸುಣ್ಣದಿಂದ ನಮ್ಮ ಶಿಲ್ಪಗಳಿಗೆ ಆದ ಹಾನಿಗಿಂತ ಸುಣ್ಣ ತೆಗೆಯುವ ಅವಸರದಿಂದ ಆದ ಹಾನಿಯೇ ದೊಡ್ಡದು ಎಂಬ ಮಾತನ್ನು ನಾನು ಮೊದಲು ಹೇಳಬೇಕಾಗುತ್ತದೆ.

ಇದಕ್ಕೆ ಕಾರಣ ಕಲ್ಲಿನಲ್ಲಿಯೇ ಇದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಶಿಲ್ಪಿಗಳು ಮರಳುಗಲ್ಲಿನಲ್ಲಿ ಕೆಲಸ ಮಾಡಿದರೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನಮ್ಮ ಸೀಮೆಯ ಶಿಲ್ಪಿಗಳು ಬಳಪದ ಕಲ್ಲಿಗೆ ಹೊರಳಿದರು. ಸುಮಾರು 1050ರ ಹೊತ್ತಿಗೆ ಕಟ್ಟಿದ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಈ ಹೊರಳುವಿಕೆಯ ಆರಂಭದ ನಿದರ್ಶನಗಳಲ್ಲೊಂದು. ಟಾಲ್ಕ್ ಮತ್ತು ಕ್ಲೋರೈಟ್ ಖನಿಜಗಳಿಂದ ಕೂಡಿದ ಈ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಸ್ವಲ್ಪ ಗಟ್ಟಿಯಾಗುತ್ತದೆ. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಬಳ್ಳಿಗಳಲ್ಲಿ ಬೆರಳ ತುದಿಯಷ್ಟೇ ದೊಡ್ಡದಾದ ಆಕೃತಿಗಳು ಸಾಧ್ಯವಾಗಿದ್ದು, ಕಂಬಗಳನ್ನು ಚರಕಿ ಹಿಡಿದು ಕಡೆದಂತೆ ನುಣುಪಾಗಿ ತಿರುಗಿಸಲು ಸಾಧ್ಯವಾಗಿದ್ದು, ಡಂಬಳದ ದೊಡ್ಡಬಸಪ್ಪ ಗುಡಿಯ ಗೋಡೆಯನ್ನು 24 ಮೂಲೆಗಳ ನಕ್ಷತ್ರವಾಗಿ ಮಡಚಲು ಸಾಧ್ಯವಾಗಿದ್ದು ಈ ಮೆತ್ತನೆಯ ಗುಣದಿಂದಲೇ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಟಾಲ್ಕ್‌ನದು ಎಲ್ಲಕ್ಕಿಂತ ಕೆಳಗಿನ ಸ್ಥಾನ, ಅಂದರೆ 1. ನಮ್ಮ ಉಗುರಿನದು ಸುಮಾರು 2.5, ಮರಳಿನ ಕ್ವಾರ್ಟ್ಜ್‌ನದು 7.

ಈ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ, ಕಂಪ್ರೆಸರ್ ಹಚ್ಚಿ ಮರಳನ್ನು ರಭಸದಿಂದ ಸಿಡಿಸಿ ಗುಡಿ ತೊಳೆಯುವ ಸ್ಯಾಂಡ್‌ಬ್ಲಾಸ್ಟಿಂಗ್ ಪದ್ಧತಿ ಏನು ಮಾಡುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಅದು ಬಣ್ಣವನ್ನು ತೆಗೆಯುತ್ತದೆ, ನಿಜ. ಅದರ ಸಂಗಡ ಶಿಲ್ಪಿ ಕೊನೆಗೆ ಉಜ್ಜಿ ತಂದ ಹೊಳಪನ್ನು, ಉಳಿಯ ಗುರುತುಗಳನ್ನು, ಆಭರಣದ ಮಣಿಗಳ ಅಂಚನ್ನು, ರೆಪ್ಪೆಯ ಗೆರೆಯನ್ನು ತೆಗೆಯುತ್ತದೆ. ಹಾಗೆ ತೊಳೆದ ಕಲ್ಲು ಮೊದಲ ವರ್ಷ ಕಣ್ಣಿಗೆ ಹೊಸದಾಗಿ ಕಾಣುತ್ತದೆ. ಆಮೇಲೆ ಒರಟಾದ ಮೈಯಲ್ಲಿ ಧೂಳು, ತೇವ, ಪಾಚಿ ಬೇಗನೆ ನೆಲೆಸಿ ಮೊದಲಿಗಿಂತ ಕಪ್ಪಾಗುತ್ತದೆ. ಶಾಸನವಿರುವ ಕಲ್ಲಿನ ಮಾತಂತೂ ಇನ್ನೂ ಗಂಭೀರ. 1007ರ ಶಾಸನವೊಂದು ಉಳಿದದ್ದರಿಂದಲೇ ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು ದಾನಚಿಂತಾಮಣಿ ಅತ್ತಿಮಬ್ಬೆಯೊಂದಿಗೆ ನಾವು ಖಚಿತವಾಗಿ ಜೋಡಿಸಬಲ್ಲೆವು; ಅಂಥ ಅಕ್ಷರಗಳ ಆಳ ಕೆಲವು ಮಿಲಿಮೀಟರ್ ಮಾತ್ರ.

ಸುಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ತೆಳುವಾದ ಸುಣ್ಣದ ಲೇಪ ನೀರಾವಿಯನ್ನು ತಡೆಯುವುದಿಲ್ಲ. ಕಲ್ಲು ಒಳಗಿನ ತೇವವನ್ನು ಹೊರಹಾಕುತ್ತಲೇ ಇರುತ್ತದೆ. ಎಷ್ಟೋ ಕಡೆ ಸುಣ್ಣದ ಪದರದ ಕೆಳಗೆ ಶಿಲ್ಪ ಚೆನ್ನಾಗಿಯೇ ಉಳಿದಿರುವುದನ್ನು ನಾವು ನೋಡುತ್ತೇವೆ. ಮೇಲಾಗಿ ಆ ಪದರದ ಅಡಿಯಲ್ಲಿ ಹಳೆಯ ಗಾರೆಯೋ ವರ್ಣದ ಕುರುಹೋ ಇರುವ ಸಾಧ್ಯತೆಯನ್ನು ಮೊದಲೇ ತಳ್ಳಿಹಾಕಬಾರದು. ಆದ್ದರಿಂದ ಕಾಣದ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಜಾಗವನ್ನು ಪದರ ಪದರವಾಗಿ ಬಿಡಿಸಿ ನೋಡಿ, ಛಾಯಾಚಿತ್ರ ತೆಗೆದು, ಆಮೇಲೆ ಮುಂದುವರಿಯುವುದು ನಮ್ಮ ಕ್ರಮ. ಬಿದಿರಿನ ಕಡ್ಡಿ, ಮೆತ್ತನೆಯ ಬ್ರಷ್, ಶುದ್ಧ ನೀರಿನಲ್ಲಿ ನೆನೆಸಿದ ಕಾಗದದ ತಿರುಳಿನ ಲೇಪ, ಇವುಗಳಿಂದ ಒಂದು ಕಂಬಕ್ಕೆ ವಾರಗಳೇ ಹಿಡಿಯಬಹುದು. ಹುಣಸೆಹಣ್ಣು, ಲಿಂಬೆರಸ, ಆಸಿಡ್ ಯಾವುದೂ ಬೇಡ, ಏಕೆಂದರೆ ಬಳಪದ ಕಲ್ಲಿನಲ್ಲಿ ಹಲವೆಡೆ ಕಾರ್ಬೊನೇಟ್ ಅಂಶವೂ ಇದ್ದು, ಆಮ್ಲ ಅದನ್ನು ಕರಗಿಸುತ್ತದೆ. ಸುಣ್ಣಕ್ಕಿಂತ ನಿಜವಾಗಿ ಕೆಟ್ಟದ್ದು ಎನಾಮಲ್ ಆಯಿಲ್ ಪೇಂಟ್. ಅದು ಕಲ್ಲಿನ ರಂಧ್ರಗಳನ್ನು ಮುಚ್ಚುತ್ತದೆ, ಹಿಂದೆ ಸಿಕ್ಕಿಬಿದ್ದ ತೇವ ಹೊರದಾರಿ ಹುಡುಕುತ್ತ ಕಲ್ಲಿನ ಚಕ್ಕೆಯನ್ನೇ ಎಬ್ಬಿಸುತ್ತದೆ.

ಹೊಳಪು ಬರಲೆಂದು ವಾರ್ನಿಶ್ ಅಥವಾ ಎಣ್ಣೆ ಬಳಿಯುವವರಿಗೆ ಅಜಂತಾದ ಉದಾಹರಣೆಯನ್ನು ಹೇಳುತ್ತೇನೆ. ಅಲ್ಲಿನ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವಲ್ಲ. ಒಣಗಿದ ಗಾರೆಯ ಮೇಲೆ ಅಂಟಿನ ಸಹಾಯದಿಂದ ವರ್ಣ ಹಿಡಿಸಿದವು, ಆದ್ದರಿಂದ ಬಹಳ ನಾಜೂಕು. 1920ರ ದಶಕದ ಆರಂಭದಲ್ಲಿ ನಿಜಾಮ ಸರಕಾರ ಇಟಲಿಯಿಂದ ಪರಿಣತರನ್ನು ಕರೆಸಿತು. ಅವರು ಸಡಿಲಾದ ಗಾರೆಯನ್ನು ಭದ್ರಪಡಿಸಿದರು, ಜೊತೆಗೆ ಚಿತ್ರಗಳ ಮೇಲೆ ಅರಗಿನ ವಾರ್ನಿಶ್ ಬಳಿದರು. ಕಾಲ ಕಳೆದಂತೆ ಆ ವಾರ್ನಿಶ್ ಹಳದಿಗಟ್ಟಿ, ಧೂಳು ಹಿಡಿದು, ಚಿತ್ರಗಳನ್ನೇ ಮಬ್ಬಾಗಿಸಿತು. ಅದನ್ನು ತೆಗೆಯುವ ಕೆಲಸ ಮುಂದಿನ ತಲೆಮಾರುಗಳ ರಸಾಯನತಜ್ಞರ ಪಾಲಿಗೆ ಬಂತು. ಇಟಲಿಯಿಂದ ಬಂದ ಆ ಪರಿಣತರು ಆ ಕಾಲದ ಉತ್ತಮ ಕೆಲಸಗಾರರು. ಅಂಥವರ ಕೈಯಲ್ಲೂ ಹೀಗಾದದ್ದರಿಂದಲೇ, ಮರಳಿ ತೆಗೆಯಲಾಗದ ಯಾವುದನ್ನೂ ಮೂಲ ಕೃತಿಗೆ ಹಚ್ಚಬಾರದು ಎಂಬ ನಿಯಮವನ್ನು ನಾವು ಅಷ್ಟು ಬಿಗಿಯಾಗಿ ಪಾಲಿಸುತ್ತೇವೆ. ಗರ್ಭಗುಡಿಯ ಮೂರ್ತಿಗೆ ನಡೆಯುವ ಅಭಿಷೇಕ ಪೂಜೆಯ ಭಾಗ. ಅದರ ಬಗ್ಗೆ ನಾನು ಹೇಳುವುದೇನೂ ಇಲ್ಲ. ಬಾಗಿಲವಾಡದ ದ್ವಾರಪಾಲಕರಿಗೆ, ಹೊರಗೋಡೆಯ ಶಿಲ್ಪಗಳಿಗೆ ದಿನವೂ ಎಣ್ಣೆ, ಕುಂಕುಮ ಮೆತ್ತುವುದನ್ನಾದರೂ ನಿಲ್ಲಿಸಬಹುದು.

ಊರಿನವರು ಕೇಳದೇ ಬಿಡುವ ವಿಷಯ ನೀರು, ಮತ್ತು ನನ್ನ ಅನುಭವದಲ್ಲಿ ಅದೇ ಮುಖ್ಯ. ಅಣ್ಣಿಗೇರಿಯಿಂದ ಗದಗದವರೆಗಿನ ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಗುಡಿಯ ಸುತ್ತ ನೀರು ನಿಂತರೆ ಅಡಿಪಾಯ ಒಂದೆಡೆ ಏರಿ ಇನ್ನೊಂದೆಡೆ ಇಳಿದು, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಗೋಡೆಗಳ ಸಂದು ಬಾಯ್ದೆರೆಯುತ್ತದೆ. ಆ ಸಂದಿಗೆ ಯಾರೋ ಸಿಮೆಂಟು ತುಂಬುತ್ತಾರೆ. ಸಿಮೆಂಟು ಬಳಪದ ಕಲ್ಲಿಗಿಂತ ಬಹಳ ಗಡಸು, ನೀರಿನಲ್ಲಿ ಕರಗುವ ಲವಣಗಳನ್ನೂ ತನ್ನೊಂದಿಗೆ ತರುತ್ತದೆ. ತೇವದೊಂದಿಗೆ ಆ ಲವಣ ಪಕ್ಕದ ಕಲ್ಲಿಗೆ ಸರಿದು, ನೀರು ಆರಿದಾಗ ಹರಳುಗಟ್ಟಿ, ಪದರು ಪದರಾಗಿರುವ ಕಲ್ಲನ್ನು ಒಳಗಿನಿಂದ ಸೀಳುತ್ತದೆ. ಶಿಲ್ಪದ ಪಾದದ ಬಳಿ ಬಿಳಿಯ ಪುಡಿ ಕಂಡರೆ ಅದನ್ನು ತೊಳೆಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಸಂದು ತುಂಬಲೇಬೇಕಾದರೆ ಸುಣ್ಣದ ಗಾರೆಯಿಂದ ತುಂಬಬೇಕು, ಸವೆಯುವುದಾದರೆ ಗಾರೆ ಸವೆಯಲಿ ಎಂಬ ಲೆಕ್ಕದಲ್ಲಿ.

ಸಂರಕ್ಷಿತ ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆ ಇವೆ; ಅಲ್ಲಿ ಇಲಾಖೆಯ ಅನುಮತಿಯಿಲ್ಲದೆ ಯಾರೂ ಕೈ ಹಚ್ಚುವಂತಿಲ್ಲ. ಪಟ್ಟಿಗೆ ಸೇರದ ನೂರಾರು ಸಣ್ಣ ಗುಡಿಗಳು, ವೀರಗಲ್ಲುಗಳು, ಮಾಸ್ತಿಗಲ್ಲುಗಳು ಊರಿನವರ ಕೈಯಲ್ಲೇ ಇವೆ. ಜಾತ್ರೆಗೆಂದು ಕೂಡಿಸಿದ ಹಣದಲ್ಲಿ ಗುಡಿ ಕಮಿಟಿಯವರು ಈ ವರ್ಷ ಏನಾದರೂ ಮಾಡಬೇಕೆಂದಿದ್ದರೆ, ಮುಂಗಾರಿಗೆ ಮೊದಲು ಮಾಳಿಗೆಯ ಮೇಲೆ ಹತ್ತಿ ನೀರು ಹೋಗುವ ಬಾಯಿಗಳನ್ನು ಬಿಡಿಸಲಿ; ಶಿಖರದಲ್ಲಿ ಚಿಗುರಿದ ಆಲ, ಅರಳಿಯ ಸಸಿಗಳನ್ನು ಕಿತ್ತರೆ ಬೇರಿನೊಂದಿಗೆ ಕಲ್ಲೂ ಅಲುಗುವುದರಿಂದ, ಬುಡಕ್ಕೆ ಕತ್ತರಿಸಲಿ; ಗೋಡೆಗೆ ತಾಗಿ ಹಾಕಿದ ಕಾಂಕ್ರೀಟನ್ನು ತೆಗೆಸಿ ಮಳೆನೀರು ದೂರ ಹರಿಯುವಂತೆ ಕಾಲುವೆ ತೋಡಿಸಲಿ. ಕಂಬಗಳ ಮೇಲಿನ ಸುಣ್ಣ ಇನ್ನೂ ಕೆಲವು ವರ್ಷ ಹಾಗೆಯೇ ಇದ್ದರೂ ಅಡ್ಡಿಯಿಲ್ಲ.